ಹಳೆಯ ಪ್ರಸಂಗ ಪುಸ್ತಕದಲ್ಲಿಲ್ಲದ ಸಾಲು ಎಐ ಬರೆಯುತ್ತಿದ್ದರೆ

ಶಿರಸಿಯ ಗ್ರಂಥಾಲಯವೊಂದರಿಂದ ಬಂದ ಪ್ರಶ್ನೆ: ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕದ ಪುಟದ ಫೋಟೊ ಕೊಟ್ಟು ಪಠ್ಯ ಬರೆಸಿದರೆ ಎಐ ಚಾಟ್ ಅದರಲ್ಲಿಲ್ಲದ ಪದ್ಯ ಬರೆಯುತ್ತದೆ, ಏನು ಮಾಡುವುದು? ಕಾರಣ ಬಹುಶಃ ಮಸುಕು ಪುಟ. ಅಕ್ಷರ ಕಾಣದ ಕಡೆ ಅದು ಜಾಗ ಬಿಡುವುದಿಲ್ಲ, ಊಹಿಸಿ ತುಂಬುತ್ತದೆ. ಪುಟ ನೋಡದೆ ಇಷ್ಟೇ ಹೇಳಬಲ್ಲೆ.

ಮೊದಲು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ; ಅಕ್ಷರ ಸಣ್ಣದಿದ್ದರೆ 400) ಗ್ರೇಸ್ಕೇಲ್, ಅಂದರೆ ಬೂದು ಛಾಯೆಗಳ, ಸ್ಕ್ಯಾನ್ ಮಾಡಿ. ಪೂರಾ ಕಪ್ಪು-ಬಿಳುಪು ಬೇಡ, ಸಪೂರ ಒತ್ತಕ್ಷರ ಮಾಯವಾಗುತ್ತದೆ. ಮಳೆಗಾಲದ ಥಂಡಿ ಹಿಡಿದ ಪುಸ್ತಕವನ್ನು ಗಾಜಿಗೆ ಒತ್ತಬೇಡಿ, ಹೊಲಿಗೆ ಬಿಡುತ್ತದೆ. ಮೇಲಿನಿಂದ ಫೋಟೊ ತೆಗೆಯಿರಿ.

ಆಮೇಲೆ ಚಿತ್ರದ ಅಕ್ಷರ ಓದಿ ಪಠ್ಯ ಮಾಡುವ ತಂತ್ರಾಂಶ ಟೆಸರಾಕ್ಟ್‌ನ ಕನ್ನಡ ಮಾದರಿಯಲ್ಲಿ ಓಡಿಸಿ. ಉಚಿತ. ತಪ್ಪು ಮಾಡುತ್ತದೆ, ಆದರೆ ಅದರ ತಪ್ಪು ತಪ್ಪಿನಂತೆಯೇ ಕಾಣುತ್ತದೆ: ಅರ್ಕಾವೊತ್ತು ೯ ಆಗುತ್ತದೆ, ಅನುಸ್ವಾರದ ಸೊನ್ನೆ (ಂ) ಅಂಕಿಯಾಗುತ್ತದೆ, ಥ-ಧ ಅದಲುಬದಲು. ‘ಧರ್ಮ’ ‘ಧಮ೯’ ಆಗಿದ್ದು ಕಣ್ಣಿಗೆ ಬೀಳುತ್ತದೆ. ಎಐ ಕಟ್ಟಿದ ಚಂದದ ಸಾಲು ಬೀಳುವುದಿಲ್ಲ.

ಈ ಪಠ್ಯವನ್ನು ಎಐಗೆ ಕೊಡುವುದಾದರೆ ತಿದ್ದು ಎನ್ನಬೇಡಿ. ಸಂಶಯದ ಪದಗಳ ಪಟ್ಟಿ ಮಾತ್ರ ಕೇಳಿ, ಪುಟ ನೋಡಿ ನೀವೇ ತಿದ್ದಿ.

ಆರು ಸಾಲಿನ ಭಾಮಿನಿ ಷಟ್ಪದಿ ಇದ್ದಲ್ಲಿ ಪರೀಕ್ಷೆ ಸುಲಭ. 1, 2, 4, 5ನೇ ಸಾಲಿಗೆ 14 ಮಾತ್ರೆ (ಲಘುವಿಗೆ 1, ಗುರುವಿಗೆ 2), 3 ಮತ್ತು 6ಕ್ಕೆ 23. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ವ್ಯಂಜನ ಒಂದೇ. ಲೆಕ್ಕ ಅಥವಾ ಪ್ರಾಸ ತಪ್ಪಿದ ಸಾಲನ್ನು ಮೂಲಕ್ಕೆ ಹೋಲಿಸಿ. ಅಚ್ಚಿನಲ್ಲೇ ತಪ್ಪಿದ್ದರೆ ಹಾಗೇ ಇಟ್ಟು ಪಕ್ಕದಲ್ಲಿ ಗುರುತು ಹಾಕಿ. ಓದಲಾಗದ ಅಕ್ಷರಕ್ಕೆ ಪ್ರಶ್ನೆಚಿಹ್ನೆ ಸಾಕು.