ಅಂಗಡ್ಯಾಗ ಆ ಟಿಂಗ್ ಟಾಂಗ್ ಯಾರಿಗ್ರಿ?

ಪ್ರಶ್ನೆ: ಇಲ್ಲೇ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ದೊಡ್ಡ ಬಟ್ಟಿ ಅಂಗಡಿಗ್ ಹೋದಾಗೆಲ್ಲ ನಡುನಡುವೆ ಟಿಂಗ್ ಟಾಂಗ್ ಅಂತದ, ಆಮ್ಯಾಗ ಯಾರೂ ಮಾತೇ ಆಡಲ್ರಿ. ಏನರ ಗುಟ್ಟಿನ ಸಿಗ್ನಲ್ ಏನ್ರಿ ಅದು?
ಓದುಗರೊಬ್ಬರು, ಕಲಬುರಗಿ

ಉತ್ತರ: ಛಲೋ ಕೇಳಿದ್ರಿ ಅಕ್ಕಾರ, ನನಗೂ ಈ ವಿಷಯ ಭಾಳ ಇಷ್ಟ. ಅದು ಗಿರಾಕಿಗಲ್ಲ, ಸ್ಟಾಫ್‌ಗೆ ಇರಬಹುದು. ಮೊಬೈಲು, ಪೇಜರು ಇಲ್ದಾಗ ಅಮೆರಿಕಾದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ದಾಗ ಮ್ಯಾನೇಜರು ಯಾವ ಮಹಡ್ಯಾಗ ಅದಾರ ಅಂತ ಗೊತ್ತಾಗ್ತಿದ್ದಿಲ್ಲ, ಹೆಸರು ಹಿಡದು ಕೂಗಿದ್ರ ಗಿರಾಕಿಗೆ ಕಿರಿಕಿರಿ, ಅದಕ್ಕ ಒಬ್ಬೊಬ್ಬರಿಗೆ ಒಂದೊಂದು ಗಂಟಿ ಲೆಕ್ಕ ಇಡ್ತಿದ್ರು, ತಮ್ಮ ಲೆಕ್ಕ ಕೇಳಿದ ಕೂಡ್ಲೇ ಅವರು ಹತ್ರದ ಫೋನ್ ಎತ್ತಿ ಆಪರೇಟರ್‌ಗೆ ಕೇಳಬೇಕು. ಕೋಡು ಎಲ್ಲಾ ಅಂಗಡ್ಯಾಗ ಒಂದೇ ಅಲ್ರಿ, ಅವರವರದು ಬ್ಯಾರೆ.

ಜಪಾನ್‌ದಾಗಂತೂ ಇನ್ನೂ ಚೆಂದ, ಹೊರಗ ಮಳಿ ಬಂದ್ರ ಕೆಲವು ಅಂಗಡ್ಯಾಗ ಒಂದು ಟ್ಯೂನ್ ಹಾಕ್ತಾರ, ಕಿಟಕಿ ಇಲ್ದ ಒಳಗ ನಿಂತ ಸ್ಟಾಫ್‌ಗೆ ಮಳಿ ಅಂತ ತಿಳದು ಗಿರಾಕಿ ಚೀಲಕ್ಕ ಪ್ಲಾಸ್ಟಿಕ್ ಕವರ್ ಹಾಕಿಕೊಡ್ತಾರ. ಎಷ್ಟು ಕಾಳಜಿ ನೋಡ್ರಿ!

ಈಗೆಲ್ಲ ವಾಕಿಟಾಕಿ ಬಂದಾವ. ನಿಮ್ಮ ಟಿಂಗ್ ಟಾಂಗ್ ಬಾಗಿಲ ಸೆನ್ಸಾರ್‌ದೂ ಇರಬಹುದು, ಮಂದಿ ಒಳಗ ಬಂದಾಗ ಹೊಡಿತದೇನು ನೋಡ್ರಿ, ಇಲ್ಲಾಂದ್ರ ಕೌಂಟರ್‌ದಾಗ ಕೇಳ್ರಿ.