ವ್ಯಾಯಾಮ ಶುರು ಮಾಡಿದ ಎರಡೇ ವಾರಕ್ಕೆ ಉತ್ಸಾಹ ಇಳಿದುಹೋಗುತ್ತದೆ. ಏನು ಮಾಡಲಿ?

ಉತ್ಸಾಹ ಇಳಿಯುವುದು ಸಹಜ. ಅದನ್ನೇ ನೆಚ್ಚಿಕೊಂಡರೆ ಮಾತ್ರ ಕಷ್ಟ.

21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎನ್ನುವವರಿದ್ದಾರೆ, ನಂಬಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಹಿಡಿದಿತ್ತು. ಅದೂ ಎಲ್ಲರಿಗೂ ಒಂದೇ ಅಲ್ಲ, ಅಂದಾಜು 18ರಿಂದ 254 ದಿನ! ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಹಾಗಾಗಿ ಎರಡು ವಾರಕ್ಕೆ ಬೇಸರ ಬಂದರೆ ನಿಮ್ಮಲ್ಲಿ ಛಲವಿಲ್ಲ ಎಂದಲ್ಲ, ಇನ್ನೂ ಸಮಯ ಆಗಿಲ್ಲ ಅಷ್ಟೇ.

ಈಗಾಗಲೇ ದಿನವೂ ಮಾಡುವ ಕೆಲಸಕ್ಕೆ ವ್ಯಾಯಾಮವನ್ನು ಗಂಟುಹಾಕಿ: ಹಲ್ಲುಜ್ಜಿದ ಕೂಡಲೇ ಹತ್ತು ನಿಮಿಷ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ ಬೇಕೆನ್ನುತ್ತದೆ, ನಿಜ. ಆದರೆ ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮೇಲು ಎಂದೂ ಅದೇ ಹೇಳಿದೆ. ನಿಧಾನಕ್ಕೆ ಹೆಚ್ಚಿಸಿ.

ಇನ್ನು ತೂಕದ ಯಂತ್ರ. ದಿನಾ ಹತ್ತಿ ಇಳಿಯಬೇಡಿ. ಉಪ್ಪು ಹೆಚ್ಚು ತಿಂದರೂ ಮೈಯಲ್ಲಿ ನೀರು ನಿಂತು ಮುಳ್ಳು ಮೇಲೇರುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ, ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂಬುದನ್ನು ಗಮನಿಸಿ. ಈ ಬದಲಾವಣೆ ತೂಕಕ್ಕಿಂತ ಮೊದಲೇ ಕಾಣಿಸುವುದುಂಟು.