ಓದುಗರ ಪ್ರಶ್ನೆ: ಸೂಯೆಜ್ ದಾಟಿದ ಮೀನು ಮತ್ತು ಚಳಿಗಾಲದ ಕಾವಲು

ಪ್ರಶ್ನೆ: ಸೂಯೆಜ್ ಕಾಲುವೆಯ ಮೂಲಕ ಕೆಂಪು ಸಮುದ್ರದ ಮೀನುಗಳು ಮೆಡಿಟರೇನಿಯನ್ ಸಮುದ್ರಕ್ಕೆ ನುಗ್ಗುತ್ತಿವೆ, ಸಮುದ್ರ ಬಿಸಿಯಾಗುತ್ತಿರುವುದೇ ಇದಕ್ಕೆ ಕಾರಣ ಎಂದು ಓದಿದೆ. ಕಾಲುವೆ ತೆರೆದದ್ದು 1869ರಲ್ಲಿ. ಹಾಗಾದರೆ ತಪ್ಪು ಕಾಲುವೆಯದೋ, ಬಿಸಿಯದೋ? ನಮ್ಮ ಕರಾವಳಿಗೂ ಇಂಥ ಭಯವಿದೆಯೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ತಪ್ಪು ಎರಡರದೂ ಹೌದು, ಆದರೆ ಎರಡೂ ಮಾಡುವ ಕೆಲಸ ಬೇರೆ ಬೇರೆ. ಕಾಲುವೆ ಮೀನನ್ನು ಒಳಗೆ ಬಿಡುತ್ತದೆ. ಒಳಗೆ ಬಂದ ಮೀನು ಅಲ್ಲಿಯೇ ಸಂಸಾರ ಹೂಡುತ್ತದೆಯೋ ಇಲ್ಲವೋ ಎಂಬುದನ್ನು ನೀರಿನ ಉಷ್ಣತೆ, ಅದರಲ್ಲಿಯೂ ಚಳಿಗಾಲದ ಉಷ್ಣತೆ, ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಕಾಲುವೆ ತೆರೆದ ಕೂಡಲೇ ದಾರಿ ಸುಗಮವಾಗಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ನಡುವಿನ ಬಿಟರ್ ಲೇಕ್ಸ್ ಸರೋವರಗಳ ತಳದಲ್ಲಿ ದಪ್ಪನೆಯ ಉಪ್ಪಿನ ಪದರವಿದ್ದುದರಿಂದ ಅಲ್ಲಿನ ನೀರು ಸಮುದ್ರದ ನೀರಿಗಿಂತ ಎಷ್ಟೋ ಪಾಲು ಉಪ್ಪಾಗಿತ್ತು. ಅದನ್ನು ಹೇಗೋ ದಾಟಿದ ಜೀವಿಗೆ ಆಚೆ ತುದಿಯಲ್ಲಿ ನೈಲ್ ನದಿಯ ಪ್ರವಾಹದ ಸಿಹಿನೀರು ಎದುರಾಗುತ್ತಿತ್ತು. ಉಪ್ಪು ದಶಕಗಳ ಕಾಲ ಕರಗುತ್ತ ಹೋಯಿತು. 1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ಣಗೊಂಡ ಮೇಲೆ ನೈಲ್ ಪ್ರವಾಹವೂ ತಗ್ಗಿತು. ಕಾಲುವೆಯನ್ನು ಹಲವು ಬಾರಿ ಅಗಲಗೊಳಿಸಿ ಆಳಗೊಳಿಸಿದ್ದಾರೆ. ಹೀಗಿರುವಾಗ ಎಲ್ಲವನ್ನೂ ಬಿಸಿಯ ತಲೆಗೆ ಕಟ್ಟುವುದು ಸರಿಯಾಗದು.

ಬಿಸಿಯ ಪಾತ್ರವನ್ನು ತಿಳಿಯಲು ಸಿಂಹಮೀನನ್ನು, ಅಂದರೆ ಲಯನ್‌ಫಿಶ್ಅನ್ನು ನೋಡಬೇಕು. ಕೆಂಪು–ಬಿಳಿ ಪಟ್ಟೆಗಳ, ಬೆನ್ನ ಮೇಲೆ ವಿಷದ ಮುಳ್ಳುಗಳನ್ನು ಹೊತ್ತ ಈ ಮೀನು ಇಸ್ರೇಲ್ ತೀರದಲ್ಲಿ 1991ರಲ್ಲಿ ಒಮ್ಮೆ ಸಿಕ್ಕಿತು. ಆಮೇಲೆ ಇಪ್ಪತ್ತು ವರ್ಷ ಪತ್ತೆಯಿರಲಿಲ್ಲ. 2012ರಲ್ಲಿ ಲೆಬನಾನ್ ಬಳಿ ಮತ್ತೆ ಕಾಣಿಸಿಕೊಂಡದ್ದು ಕೆಲವೇ ವರ್ಷಗಳಲ್ಲಿ ಸೈಪ್ರಸ್, ಟರ್ಕಿ, ಗ್ರೀಸ್‌ಗಳನ್ನು ಹಿಡಿದು 2016ರ ಹೊತ್ತಿಗೆ ಇಟಲಿಯ ಸಿಸಿಲಿಯನ್ನು ಮುಟ್ಟಿತು. ಇದರ ಹತ್ತಿರದ ಬಂಧುವನ್ನು ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದಾಗ ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅದು ತಿನ್ನುವುದನ್ನು ನಿಲ್ಲಿಸಿತು. 10 ಡಿಗ್ರಿಯ ಹೊತ್ತಿಗೆ ಸತ್ತಿತು. ಅಮೆರಿಕದ ಪೂರ್ವ ತೀರದಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆಯುತ್ತದೆ: ಗಲ್ಫ್ ಸ್ಟ್ರೀಮ್ ಪ್ರವಾಹ ಬೇಸಿಗೆಯಲ್ಲಿ ಸಿಂಹಮೀನಿನ ಮರಿಗಳನ್ನು ನ್ಯೂಯಾರ್ಕ್‌ವರೆಗೂ ಒಯ್ಯುತ್ತದೆ, ಅವು ಅಲ್ಲಿ ತಿಂದು ಬೆಳೆಯುತ್ತವೆ, ಚಳಿಗಾಲ ಬಂದೊಡನೆ ಸಾಯುತ್ತವೆ. ಬಂದದ್ದಕ್ಕೂ ನೆಲೆಸಿದ್ದಕ್ಕೂ ಇರುವ ಅಂತರ ಅದೇ. ಚಳಿಗಾಲದ ನೀರು ಒಂದೆರಡು ಡಿಗ್ರಿ ಏರಿದರೆ ಸಾಯಬೇಕಾದ ಮರಿ ಬದುಕಿ ಮರುವರ್ಷ ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆಯಿಡಬಲ್ಲದು ಎಂಬುದನ್ನು ನೆನಪಿಟ್ಟರೆ, ಬದುಕಿ ಉಳಿದ ಕೆಲವೇ ಮೀನುಗಳ ಬೆಲೆ ಏನೆಂಬುದು ತಿಳಿಯುತ್ತದೆ.

ಬಿಸಿ ಇನ್ನೊಂದು ಕಡೆಯಿಂದಲೂ ಕೆಲಸ ಮಾಡುತ್ತದೆ. ಇಸ್ರೇಲ್ ತೀರದಲ್ಲಿ ಬೇಸಿಗೆಯ ಮೇಲ್ನೀರು 30 ಡಿಗ್ರಿ ದಾಟುತ್ತದೆ. ಅಲ್ಲಿನ ಸ್ಥಳೀಯ ಜೀವಿಗಳ ತಾಳಿಕೆಯ ಅಂಚೇ ಅದು. ಕಡಲತಳದ ಕೆಸರನ್ನು ಜರಡಿ ಹಿಡಿದ ಸಂಶೋಧಕರಿಗೆ ಹಿಂದೆ ಅಲ್ಲಿ ಬಾಳಿದ್ದ ಸ್ಥಳೀಯ ಮೃದ್ವಂಗಿಗಳ ಚಿಪ್ಪುಗಳು ರಾಶಿಯಾಗಿ ಸಿಕ್ಕವು, ಆ ಪ್ರಭೇದಗಳಲ್ಲಿ ಹೆಚ್ಚಿನವು ಮಾತ್ರ ಜೀವಂತವಾಗಿ ಸಿಗಲಿಲ್ಲ. ಆದ್ದರಿಂದ ಹೊರಗಿನವು ಒಳಗಿನವನ್ನು ಹೊಡೆದೋಡಿಸಿದವು ಎಂದು ಸದಾ ಹೇಳಲಾಗದು. ಕೆಲವೆಡೆ ಖಾಲಿಯಾದ ಮನೆಗೇ ಬಾಡಿಗೆದಾರರು ಬಂದಿದ್ದಾರೆ.

ಇನ್ನು ನಮ್ಮ ಕರಾವಳಿಯ ವಿಷಯ. ಸಿಂಹಮೀನಿಗೆ ಹಿಂದೂ ಮಹಾಸಾಗರವೇ ತವರು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗುವವರು ಅದನ್ನು ಕಂಡರೆ ಗಾಬರಿಪಡಬೇಕಿಲ್ಲ, ಮುಟ್ಟದಿದ್ದರೆ ಸಾಕು. ನಮ್ಮ ನೀರು ಮೊದಲೇ ಬೆಚ್ಚಗಿರುವುದರಿಂದ ಚಳಿಗಾಲದ ಕಾವಲೆಂಬುದು ಇಲ್ಲಿ ಮೊದಲಿನಿಂದಲೂ ಇರಲಿಲ್ಲ. ಇಲ್ಲಿ ಹೆಚ್ಚು ನಿಗಾ ಬೇಕಾದದ್ದು ಹಡಗುಗಳ ಮೇಲೆ. ಸಮತೋಲಕ್ಕೆಂದು ಒಂದು ಬಂದರಿನಲ್ಲಿ ತುಂಬಿಕೊಂಡು ಇನ್ನೊಂದು ಬಂದರಿನಲ್ಲಿ ಚೆಲ್ಲುವ ಬ್ಯಾಲಾಸ್ಟ್ ನೀರಿನಲ್ಲಿ ಮರಿಗಳೂ, ಹಡಗಿನ ತಳಕ್ಕೆ ಅಂಟಿಕೊಂಡು ಚಿಪ್ಪುಜೀವಿಗಳೂ ಸಾಗರ ದಾಟುತ್ತವೆ. ಮಧ್ಯ ಅಮೆರಿಕದ ಕಡೆಯ ಪಟ್ಟೆಚಿಪ್ಪಿನ ಒಂದು ಜೀವಿ ವಿಶಾಖಪಟ್ಟಣದ ಬಂದರಿನಲ್ಲಿ 1960ರ ದಶಕದಲ್ಲಿಯೇ ಕಾಣಿಸಿಕೊಂಡಿತ್ತು. ಆ ನೀರನ್ನು ಶುದ್ಧೀಕರಿಸಿಯೇ ಬಿಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 2017ರಲ್ಲಿ.

ಒಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬಹುದು. ಒಂದು ಕಾಲಕ್ಕೆ ಹೆಚ್ಚಾಗಿ ಮಲಬಾರ್ ತೀರಕ್ಕೆ ಸೀಮಿತವಾಗಿದ್ದ ಭೂತಾಯಿ ಮೀನು ಈಚಿನ ದಶಕಗಳಲ್ಲಿ ಉತ್ತರಕ್ಕೂ ಬಂಗಾಳ ಕೊಲ್ಲಿಯ ಕಡೆಗೂ ಹರಡಿದೆ. ಇದರಲ್ಲಿ ನೀರಿನ ಬಿಸಿಯ ಪಾತ್ರವಿದೆಯೆಂದು ಮೀನುಗಾರಿಕಾ ವಿಜ್ಞಾನಿಗಳು ಹೇಳುತ್ತಾರೆ. ಆದರೆ ತನ್ನದೇ ಕಡಲಿನಲ್ಲಿ ತಾನಾಗಿ ಸರಿದ ಮೀನನ್ನು ಆಕ್ರಮಣಕಾರಿ ಎನ್ನುವುದಿಲ್ಲ. ಮನುಷ್ಯ ತೋಡಿದ ಕಾಲುವೆಯಿಂದಲೋ, ಅವನ ಹಡಗಿನಿಂದಲೋ ಬಂದು ಅಲ್ಲಿನವಕ್ಕೆ ಕೇಡು ಮಾಡುವ ಜೀವಿಗೆ ಮಾತ್ರ ಆ ಹೆಸರು ಸಲ್ಲುತ್ತದೆ.